ಕಲೀತಿದೀನಿ ಸ್ವಾಮಿ

ಏನು ಮಾಡ್ತಿದೀಯ ಎಂದು ಯಾರು ಕೇಳಿದರೂ ನನ್ನ ಯಜಮಾನರು "ಕಲೀತಿದೀನಿ ಸ್ವಾಮಿ" ಅನ್ನುತ್ತಿದ್ದರು. ಮೂವತ್ತೆಂಟು ತುಂಬಿದ ಮೇಲೂ ಅದೇ ಮಾತು. ಉಣ್ಣುತ್ತಾ ಕೂತಾಗ ನಾನು ಕೇಳಿದರೂ ಬಾಯಿಗೆ ಅದೇ ಬರುತ್ತಿತ್ತು. ಆಮೇಲೆ ತಾವೇ ನಗುತ್ತಿದ್ದರು, ನಗು ಕೆಮ್ಮಾಗುತ್ತಿತ್ತು.

ಏಳನೇ ವಯಸ್ಸಿಗೆ ಅವರನ್ನು ಬಳಪದ ಕಾರ್ಖಾನೆಗೆ ಸೇರಿಸಿದ್ದರು. ಗರಗಸ ಕಲ್ಲನ್ನು ಕಡ್ಡಿಕಡ್ಡಿಯಾಗಿ ಕೊಯ್ಯುವಾಗ ಏಳುವ ಬಿಳಿ ಧೂಳಿನಲ್ಲಿ ಕೂತು, ಶಾಲೆಯ ಮಕ್ಕಳು ಬರೆಯುವ ಬಳಪಗಳನ್ನು ಡಬ್ಬಿಗೆ ತುಂಬುವುದು. ತಪಾಸಣೆಯವರು ಬಂದರೆ ಏನು ಹೇಳಬೇಕೆಂದು ಮಾಲೀಕ ಬಾಯಿಪಾಠ ಮಾಡಿಸಿದ್ದ. ಕೆಲಸ ಅನ್ನಬಾರದು, ಕಲೀತಿದೀನಿ ಅನ್ನಬೇಕು. ತಪ್ಪಿದರೆ ಕಿವಿ ಹಿಂಡುತ್ತಿದ್ದ. ಅವರು ಕಲಿತ ಪಾಠ ಅದೊಂದೇ. ಅಕ್ಷರ ಕೊನೆವರೆಗೂ ಬರಲಿಲ್ಲ.

ಧೂಳು ಕೂತು ಹುಬ್ಬು ಬೆಳ್ಳಗಾಗಿ ಜೊತೆಯ ಹುಡುಗರು 'ಅಜ್ಜ' ಎಂದು ಕರೆದರು. ಎಂಟು ವರ್ಷದ ಅಜ್ಜ. ಹೆಸರು ಹಾಗೇ ನಿಂತಿತು, ಅಜ್ಜನಾಗುವ ವಯಸ್ಸು ಮಾತ್ರ ಬರಲಿಲ್ಲ.

ಹತ್ತು ಹೆಜ್ಜೆಗೊಮ್ಮೆ ನಿಂತು, ಸೊಂಟಕ್ಕೆ ಕೈಕೊಟ್ಟು, ಅಂಗಡಿಯ ಬೋರ್ಡನ್ನು ಓದುವವರ ಹಾಗೆ ನೋಡುತ್ತಿದ್ದರು. ಓದಿದವರನ್ನೇ ಕಟ್ಟಿಕೊಂಡೆ ಎಂದು ಹೊಸದರಲ್ಲಿ ನಾನು ಬೀಗಿದ್ದೆ. ಅದು ಉಸಿರು ಹಿಡಿಯುವುದಕ್ಕೆ ಎಂದು ತಿಳಿಯಲು ವರ್ಷ ಬೇಕಾಯಿತು.

"ಏನ್ರೀ ಬರೆದಿದೆ ಅದರಲ್ಲಿ?"

"ನಿಂತ್ಕೋ ಅಂತ ಬರೆದಿದೆ ಕಣೇ."

ಹಾಸಿಗೆ ಹಿಡಿದಾಗ ಮಾಲೀಕ ಬಂದ. ಜೊತೆಗೆ ಸಭೆಗಳಲ್ಲಿ ಮಾತಾಡುವ ಒಬ್ಬ ದೊಡ್ಡ ಮನುಷ್ಯ. ಬಡ ದೇಶ ತಾಯೀ, ಮಕ್ಕಳು ದುಡಿಯದಿದ್ದರೆ ಒಲೆ ಉರಿಯೋದಿಲ್ಲ, ಕಾನೂನು ಮಾಡೋರಿಗೆ ಹಸಿವು ಗೊತ್ತಿಲ್ಲ ಎಂದು ಮೂಗಿಗೆ ಕರವಸ್ತ್ರ ಹಿಡಿದು ಮಂಚದ ಪಕ್ಕದಲ್ಲೇ ಭಾಷಣ ಮಾಡಿದ. ಮೂವತ್ತೊಂದು ವರ್ಷ ದುಡಿದವರ ಮನೆಯಲ್ಲಿ ಅವತ್ತು ಒಲೆ ಉರಿದಿರಲಿಲ್ಲ. ಮಾಲೀಕನ ಕಣ್ಣು ಮೂಲೆಯಲ್ಲಿ ಬರೆಯುತ್ತಿದ್ದ ನಮ್ಮ ಎಂಟು ವರ್ಷದ ಮಗಳ ಮೇಲೆ.

"ಇವಳನ್ನ ಕಳಿಸಪ್ಪಾ ಅಜ್ಜ. ಡಬ್ಬಿ ತುಂಬೋದು ಕಲೀಲಿ."

ಜನ್ಮದಲ್ಲಿ ಅವನಿಗೆ ಎದುರಾಡದವರು ಗೋಡೆ ಹಿಡಿದು ಎದ್ದು ಕೂತರು.

"ನಾನೇ ಇನ್ನೂ ಕಲೀತಿದೀನಿ ಸ್ವಾಮಿ. ಮುಗಿಯೋಕೆ ಬಂತು, ಜಾಗ ಖಾಲಿಯಾಗುತ್ತೆ. ನಿಮ್ಮ ಮೊಮ್ಮಗನ್ನ ಕೂರಿಸಿ."

ನಾಲ್ಕು ದಿನಕ್ಕೆ ಹೋದರು. ಆ ಜಾಗದಲ್ಲಿ ಈಗ ನಾನು ಕೂರುತ್ತೇನೆ. ಮಗಳು ಶಾಲೆಗೆ ಹೋಗುತ್ತಾಳೆ, ಈ ಬರಹದ ಕಾಗುಣಿತ ತಿದ್ದಿದ್ದು ಅವಳೇ.

ನನ್ನ ಯಜಮಾನರಂಥವರು ಊರೂರಲ್ಲಿ ಇದ್ದಾರೆ. ಮಕ್ಕಳು ದುಡಿಯಬೇಕೋ ಬೇಡವೋ ಎಂದು ವಾದ ಮಾಡುವವರು ಅಕ್ಷರ ತಿದ್ದಿದ್ದು ಇಂಥವರು ತುಂಬಿದ ಡಬ್ಬಿಯ ಬಳಪದಲ್ಲೇ. ವಾದ ಇನ್ನೂ ಮುಗಿದಿಲ್ಲವಂತೆ. ಅದು ಮುಗಿಯುವವರೆಗೆ ಕಾಯುವಷ್ಟು ಉಸಿರು ಇಂಥವರಿಗೆ ಇರುವುದಿಲ್ಲ.