ನ್ಯೂ ಆರ್ಲಿಯನ್ಸ್‌ನಲ್ಲಿ ಮಗಳ ಕಛೇರಿ

ಚಿಕೋರಿ, ಹೌದು ಚಿಕೋರೀನೇ, ಘಮ್ ಅಂತ ಮೂಗಿಗೆ ಬಡೀತು, ಕಾಫಿಗೆ ಚಿಕೋರಿ ಹಾಕೋದನ್ನ ಈ ನ್ಯೂ ಆರ್ಲಿಯನ್ಸ್‌ನೋರಿಗೆ ಯಾರು ಹೇಳಿಕೊಟ್ರೋ, ನಮ್ಮ ಯಜಮಾನ್ರು ಒಂದು ಗುಟುಕು ಕುಡಿದು ಕಪ್ಪಿನೊಳಗೇ ನೋಡ್ತಾ ಕೂತಿದಾರೆ, ನಮ್ಮನೆ ಕಾಫಿ ಥರಾನೇ ಇದೆ ಅಂತ ಅವಳಿಗೆ ಹೇಳು, ಅಂದ್ರು, ಅವಳು ಅಂದ್ರೆ ಮಗಳು ಮಹಿಮಾ, ಎದುರಿಗೇ ಕೂತಿದಾಳೆ, ಮೊಳ ದೂರ ಇಲ್ಲ, ಆದ್ರೂ ಅವಳಿಗೆ ಹೇಳು — ಎರಡು ವರ್ಷದಿಂದ ಹೀಗೇ, ಪ್ರಿನ್ಸ್‌ಟನ್‌ನಲ್ಲಿದ್ದ ಒಳ್ಳೇ ಕೆಲಸ ಬಿಟ್ಟು ಟ್ರಾಂಬೋನ್ ಅನ್ನೋ ಉದ್ದನೇ ಹಿತ್ತಾಳೆ ಕೊಳವೆ ಊದ್ತೀನಿ ಅಂತ ಈ ಊರಿಗೆ ಬಂದಾಗಿನಿಂದ ಅಪ್ಪ ಮಗಳ ಮಧ್ಯೆ ನಾನೇ ಪೋಸ್ಟ್‌ಮ್ಯಾನು, ನಾವಿರೋ ಮೆಟುಚೆನ್ ಮನೇಲಿ ಫೋನ್ ಸ್ಪೀಕರಿಗೆ ಹಾಕಿದ್ರೂ ಇವರು ಪಕ್ಕದಲ್ಲೇ ಕೂತು, ಊಟ ಮಾಡಿದ್ಲಾ ಕೇಳು, ಟೆಲ್ ಹಿಮ್ ಐ ಏಟ್ ಅಮ್ಮಾ, ಅಯ್ಯೋ ಸಾಕಪ್ಪಾ ನಿಮ್ಮಿಬ್ಬರ ಸಹವಾಸ, ಹಠದಲ್ಲಿ ಮಾತ್ರ ಅಪ್ಪನದೇ ಅಚ್ಚು. ಇಲ್ಲಿನ ಬೋಂಡಕ್ಕೆ ಸಕ್ಕರೆಪುಡಿ ಸುರಿದು ಕೊಡ್ತಾರೆ, ಇವರ ಮೀಸೆ ತುಂಬಾ ವಿಭೂತಿ, ಮಗಳು ನಗು ತಡಕೊಂಡು ಟಿಶ್ಯೂ ನನ್ನ ಕೈಗೆ ಕೊಟ್ಲು, ನಾನು ಇವರಿಗೆ ಕೊಟ್ಟೆ.

ಆಮೇಲೆ ಬಿಸಿಲಲ್ಲಿ ಹಳೇ ಬೀದಿಗಳು, ಕಬ್ಬಿಣದಲ್ಲಿ ಕಸೂತಿ ಹಾಕಿದ ಬಾಲ್ಕನಿಗಳು, ಸ್ಮಶಾನಕ್ಕೂ ಟಿಕೆಟ್ಟು ನೋಡಿ, ನೆಲದ ಮೇಲೇ ಪುಟ್ಟ ಪುಟ್ಟ ಮನೆ ಥರ ಕಟ್ಟಿದ ಗೋರಿಗಳು, ಒಂದು ಕುಟುಂಬದೋರೆಲ್ಲಾ ಒಂದೇ ಗೋರಿಗೆ ಅಂತ ಗೈಡ್ ಹೇಳಿದ್ರೆ ಇವರು, ಅಲ್ಲಾದ್ರೂ ಮಾತಾಡ್ತಾಳಾ ಕೇಳು, ಥೂ, ಬಿಡ್ತು ಅನ್ರೀ — ಬೈದೆ, ಆದ್ರೆ ಇವರಿಗೂ ಸಾಕಾಗಿದೆ, ಮಾತಾಡಿಸೋ ದಾರಿ ಗೊತ್ತಾಗ್ತಿಲ್ಲ, ಗಂಡಸರ ಹಣೆಬರಹವೇ ಇಷ್ಟು. ಒಂದು ಮರಗಳ ಚೌಕ, ಗುಲಾಮರಾಗಿದ್ದೋರು ಭಾನುವಾರ ಇಲ್ಲಿ ಸೇರಿ ಡ್ರಮ್ ಬಾರಿಸಿ ಕುಣೀತಿದ್ರಂತೆ, ಇವರು ಟೋಪಿ ತೆಗೆದು, ವಾರಕ್ಕೆ ಒಂದೇ ದಿನಾನಾ ಅಂತ ಗೈಡನ್ನೇ ಕೇಳಿದ್ರು, ಆಮೇಲೆ ನಾನು ನೀರು ಕುಡೀರಿ ಅಂದ್ರೂ ಕೇಳಿಸ್ಕೊಳ್ಳಲಿಲ್ಲ.

ಈಗ ಸಂಜೆ, ಈ ಸಣ್ಣ ಹಾಲ್, ಮರದ ಬೆಂಚು, ಎರಡನೇ ಸಾಲು, ಮೈಕೂ ಇಲ್ಲ, ಐದು ಜನ ಗಂಡಸರ ಮಧ್ಯೆ ನನ್ನ ಮಗಳು, ಕೆನ್ನೆ ಉಬ್ಬಿಸಿ ಊದ್ತಿದ್ರೆ ಎಳೇ ಮಗುವಾಗಿದ್ದಾಗ ಹಾಲು ಬೇಡ ಅಂತ ಬಾಯಿ ಮುಚ್ಕೊಂಡು ಉಬ್ಬಿಸ್ತಿದ್ದ ಅದೇ ಕೆನ್ನೆ, ದೃಷ್ಟಿ ತೆಗೀಬೇಕು, ಊರ ಜನದ ಚಪ್ಪಾಳೆ ಒಂದು ಕಡೆ, ಇವರ ಆದಿತಾಳ ಇನ್ನೊಂದು ಕಡೆ, ಬೆರಳು ಬೇರೆ ಎಣಿಸ್ತಿದಾರೆ, ಮುಂದಿನೋರು ತಿರುಗಿ ನೋಡಿದ್ರು, ನೋಡ್ಲಿ ಬಿಡಿ — ಎದ್ರಾ, ಬಾತ್‌ರೂಮಿಗಿರಬೇಕು, ಇಲ್ಲ, ಮುಂದೆ ಹೋಗ್ತಿದಾರೆ, ಬ್ಯಾಗಿಂದ ಪ್ಲಾಸ್ಟಿಕ್ ಕವರ್ ಚರಚರ, ಅಯ್ಯೋ ದೇವ್ರೇ, ಶಾಲು! ಕನ್ನಡ ಸಂಘದಲ್ಲಿ ಯಾರು ಹಾಡಿದ್ರೂ, ಚೆನ್ನಾಗಿ ಹಾಡ್ಲಿ ಬಿಡ್ಲಿ, ಕಛೇರಿ ಮಧ್ಯದಲ್ಲೇ ನಿಲ್ಲಿಸಿ ಶಾಲು ಹೊದಿಸೋದು ಇವರ ಕೆಲಸ, ಅಲ್ಲಿನ ಮಕ್ಕಳಿಗೆಲ್ಲಾ ಇವರು ಜಯರಾಮು ಅಂಕಲ್ ಅಲ್ಲ, ಶಾಲು ಅಂಕಲ್, ಆದ್ರೆ ಇಲ್ಲಿ ಹಾಗೆ ಮಾಡಬಾರದು ರೀ, ಅವಳು ಒಬ್ಬಳೇ ಊದೋ ಹೊತ್ತು ಇದು, ಎಲ್ಲರೂ ಉಸಿರು ಬಿಗಿ ಹಿಡ್ಕೊಂಡು ಕೇಳ್ತಿದಾರೆ, ಮಗುಗೆ ಅವಮಾನ ಆದ್ರೆ ಇಲ್ಲಿಗೆ ಮುಗೀತು, ಇನ್ನು ನನ್ನ ಕೈಲೂ ಹೇಳಿಕಳಿಸೋಲ್ಲ ಅವಳು — ವೇದಿಕೆ ಹತ್ತೇಬಿಟ್ರು, ಡ್ರಮ್ಮಿನವನು ಬಾಯಿ ತೆರೆದ, ಜರಿಯಂಚಿನ ಮೆರೂನ್ ಶಾಲು ಅವಳ ಹೆಗಲಿಗೆ, ಅವಳ ಕಣ್ಣು ಅಗಲವಾಯ್ತು, ಇವರು ಬಗ್ಗಿ, ನನ್ನ ಕಡೆ ತಿರುಗಿ ಕೂಡ ನೋಡದೆ, ನಿಲ್ಲಿಸಬೇಡ ಮಗಳೇ, ಊದು — ಅಂದ್ರು, ನನಗಲ್ಲ, ಅವಳಿಗೆ, ಅವಳಿಗೇ ಅಂದ್ರು, ಅವಳು ನಿಲ್ಲಿಸಲಿಲ್ಲ, ಕಣ್ಣಲ್ಲಿ ಬಳಬಳ ನೀರು, ಊದ್ತಾನೇ ಇದಾಳೆ, ಕೊಳವೆ ತಳ್ಳೋಕೆ ಬಲಗೈ ಮುಂದೆ ಹೋದಾಗೆಲ್ಲಾ ಶಾಲು ಜಾರುತ್ತೆ, ಹೊದಿಸಿ ಇಳೀಬೇಕಾದವರು ಇಳೀತಿಲ್ಲ, ಪಕ್ಕದಲ್ಲೇ ನಿಂತು ಎರಡು ಬೆರಳಲ್ಲಿ ಅಂಚು ಹಿಡ್ಕೊಂಡಿದಾರೆ, ಕೈ ಹೋಯ್ತು, ಜಾರ್ತು, ಹಿಡಿದ್ರು, ಮತ್ತೆ ಕೈ ಹೋಯ್ತು, ಜಾರ್ತು — ಹಿಡಿದ್ರು, ಎರಡೇ ಬೆರಳಲ್ಲಿ