ಅತ್ತೆಯ ಮೂವತ್ತು ಸೆಕೆಂಡು

ಮಾತು ಬಾರದ ಯಂತ್ರಗಳಿಗೆ ಮಾತು ಕಲಿಸುವುದು ನನ್ನ ಕಸುಬು. ಈ ಊರಿನಲ್ಲಿ ಪರದೆ ಇರುವ ಯಾವ ಯಂತ್ರವನ್ನಾದರೂ ಮುಟ್ಟಿ ನೋಡಿ. ಅದು ಕನ್ನಡದಲ್ಲಿ ಉತ್ತರ ಕೊಟ್ಟರೆ ಅದರ ಬೆನ್ನ ಹಿಂದೆ ನಾನಿದ್ದೇನೆ ಎಂದು ತಿಳಿಯಿರಿ. ತಿಂಗಳನ್ನು ಮುಂದಿಟ್ಟು ದಿನವನ್ನು ಹಿಂದಿಡುವ ಪರದೇಶಿ ತಾರೀಕುಗಳ ಕಿವಿ ಹಿಂಡಿ ಸಾಲಾಗಿ ನಿಲ್ಲಿಸಿದವಳು ನಾನು. ಲಕ್ಷದಲ್ಲಿ ಅಲ್ಪವಿರಾಮ ಎಲ್ಲಿ ಕೂರಬೇಕೆಂದು ತಿಳಿಯದ ತಂತ್ರಾಂಶವೊಂದು ನನ್ನ ಮುಂದೆ ಗಳಗಳ ಅತ್ತಿದೆ. ಆಸ್ಪತ್ರೆಯ ಲಿಫ್ಟು ನನ್ನ ಕನ್ನಡದಲ್ಲಿ ಮಾತಾಡತೊಡಗಿದ ಮೇಲೆ, ಗುಣವಾದ ರೋಗಿಗಳು ಕೂಡ ಮನೆಗೆ ಹೋಗದೆ ಮೇಲೆ ಕೆಳಗೆ ಓಡಾಡುತ್ತಿದ್ದರು ಎಂದು ಜನ ಹೇಳುತ್ತಾರೆ. ಜನ ಎಂದರೆ ನಾನು.

ಇಂಥ ಕೆಲಸಗಳಿಗೆಲ್ಲ ಕಳಶವಿಟ್ಟ ಹಾಗಿದ್ದದ್ದು ವಾಹನ ಪರವಾನಗಿ ಕಚೇರಿಯ ಕಂಪ್ಯೂಟರ್ ಪರೀಕ್ಷೆ. ಗಾಡಿ ಕಲಿಯಬೇಕೆನ್ನುವವರು ಮೊದಲು ಅದರಲ್ಲಿ ಪಾಸಾಗಬೇಕು. ಪರದೆಯ ಮೇಲೆ ಒಂದೊಂದೇ ಪ್ರಶ್ನೆ, ಕೆಳಗೆ ನಾಲ್ಕು ಉತ್ತರ, ಮೂಲೆಯಲ್ಲಿ ಹಿಂದಕ್ಕೆ ಎಣಿಸುವ ಗಡಿಯಾರ. ಮೂವತ್ತು ಸೆಕೆಂಡಿನೊಳಗೆ ಉತ್ತರ ಒತ್ತದಿದ್ದರೆ ಆ ಪ್ರಶ್ನೆ ಹೋಯಿತೆಂದೇ ಲೆಕ್ಕ. ಮೊದಲು ಇದೆಲ್ಲ ಪರಭಾಷೆಯಲ್ಲಿತ್ತು. ನಾನು ಅದಕ್ಕೆ ಕನ್ನಡದ ಉಡುಪು ತೊಡಿಸಿದೆ. ಬರೀ ಉಡುಪಲ್ಲ, ಜರತಾರಿ, ಕಿರೀಟ, ಭುಜಕೀರ್ತಿ ಸಮೇತ. ಹಳದಿ ದೀಪದ ಪ್ರಶ್ನೆಯನ್ನೇ ನೋಡಿ:

"ಮುಂದಿರುವ ಸಂಚಾರ ನಿಯಂತ್ರಣ ದೀಪಸ್ತಂಭದಲ್ಲಿ ಹಳದಿ ವರ್ಣದ ದೀಪವು ಪ್ರಜ್ವಲಿಸುತ್ತಿರುವುದನ್ನು ಗಮನಿಸಿದ ವಿವೇಕಶಾಲಿಯಾದ ಚಾಲಕರು ಈ ಕೆಳಗಿನವುಗಳ ಪೈಕಿ ಯಾವ ಕ್ರಮವನ್ನು ಕೈಗೊಳ್ಳತಕ್ಕದ್ದು?"

ಓದಿದಾಗಲೆಲ್ಲ ನನಗೇ ಮೈ ಜುಮ್ಮೆನ್ನುತ್ತದೆ.

ಈ ಪರೀಕ್ಷೆಯಲ್ಲಿ ನಮ್ಮ ಅತ್ತೆ ಎರಡು ಸಲ ಫೇಲಾದರು.

ಅತ್ತೆ ಎಂದರೆ ನನ್ನ ಗಂಡನ ತಾಯಿ. ಗಂಡ ಈ ಕತೆಯಲ್ಲಿ ಬರುವುದಿಲ್ಲ. ಅಪ್ಪ ಅಮ್ಮ ವಾದಕ್ಕೆ ನಿಂತ ಕಡೆ ಅವನು ಎಂದೂ ಬಂದವನಲ್ಲ. ಅತ್ತೆ ಮಾವನದು ಹಾಸಿಗೆ ಅಂಗಡಿ. ಹತ್ತಿ ತುಂಬಿ, ಹೊಲಿದು, ವ್ಯಾನಿನಲ್ಲಿ ಹೇರಿಕೊಂಡು ಮನೆಮನೆಗೆ ತಲುಪಿಸುವ ವ್ಯಾಪಾರ. ಹೊಲಿಗೆ ಅತ್ತೆಯದು, ಸ್ಟಿಯರಿಂಗ್ ಮಾವನದು. ಈಚೆಗೆ ಮಾವನ ಎಡಮಂಡಿ ಕ್ಲಚ್ ಒತ್ತಲು ಒಪ್ಪದೆ ವ್ಯಾನು ಅಂಗಡಿಯ ಮುಂದೆ ನಿಂತೇ ಇತ್ತು. ಅತ್ತೆ ದಿನಾ ಮಧ್ಯಾಹ್ನ ಅದರೊಳಗೆ ಹತ್ತಿ ಕೂತು, ಇಂಜಿನ್ ಚಾಲೂ ಮಾಡದೆಯೇ ಗೇರು ಬದಲಿಸುತ್ತ, ಹಾರ್ನು ಮಾತ್ರ ನಿಜವಾಗಿ ಬಾರಿಸುತ್ತ, ಪ್ರಪಂಚ ಪರ್ಯಟನೆ ಮಾಡಿ ಇಳಿಯುತ್ತಿದ್ದರು. ನಿಂತ ವ್ಯಾನಿಗೆ ದಾರಿ ಬಿಡುವುದನ್ನು ಬೀದಿನಾಯಿಗಳು ಕೂಡ ಕಲಿತುಬಿಟ್ಟಿದ್ದವು.

ಎರಡನೇ ಸಲ ಫೇಲಾಗಿ ಬಂದ ದಿನ ಊಟಕ್ಕೆ ಕೂತಾಗ ಮಾವ ಮೆಲ್ಲಗೆ ಬಾಂಬು ಹಾಕಿದರು.

"ಐಸ್ ಅಂಗಡಿಯವನು ವ್ಯಾನ್ ಕೇಳ್ತಿದಾನೆ. ಶನಿವಾರ ಬಂದು ತಗೊಂಡು ಹೋಗ್ತಾನಂತೆ."

"ನನ್ನ ವ್ಯಾನಾ?" ಎಂದರು ಅತ್ತೆ.

"ನಿನ್ನದು ಯಾವಾಗ ಆಯ್ತೇ?"

"ಇಷ್ಟು ವರ್ಷ ಅದರ ಸೀಟಿಗೆ ಕವರು ಹೊಲಿದೋರು ಯಾರ್ರೀ? ಶುಕ್ರವಾರ ಇನ್ನೊಂದು ಸಲ ಪರೀಕ್ಷೆ ಇದೆ. ಪಾಸಾದ್ರೆ?"

"ಪಾಸಾದ್ರೆ ಕೀಲಿ ನಿಂಗೆ. ಫೇಲಾದ್ರೆ ಐಸ್‌ನವನಿಗೆ. ಆಮೇಲೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಪರೀಕ್ಷೆನೇ ಸರಿಯಿಲ್ಲ ಅನ್ಬಾರ್ದು."

"ನೆಲ ಡೊಂಕೇ ಇದೆ! ಬೇಕಾದ್ರೆ ನೆಲ ಹಾಸಿದವಳನ್ನೇ ಕೇಳಿ. ಇಲ್ಲೇ ಕೂತು ಉಣ್ತಿದಾಳೆ," ಎಂದು ಅತ್ತೆ ಸೌಟನ್ನು ನನ್ನ ಕಡೆ ತಿರುಗಿಸಿದರು.

ನಾನು ಎತ್ತಿದ ತುತ್ತನ್ನು ತಟ್ಟೆಗಿಟ್ಟೆ. "ನನ್ನ ಕನ್ನಡಕ್ಕೆ ಏನಾಗಿದೆ ಅತ್ತೆ?"

"ಏನೂ ಆಗಿಲ್ಲ ಕಣೇ, ತುಂಬಾ ಚೆನ್ನಾಗಿದೆ. ಓದ್ತಾ ಓದ್ತಾ ಅರ್ಧ ದಾರಿಗೆ ಬರೋಷ್ಟರಲ್ಲಿ ಪ್ರಶ್ನೆನೇ ಹೊರಟು ಹೋಗಿರುತ್ತೆ, ಬೋರ್ಡ್ ಓದೋಷ್ಟರಲ್ಲಿ ಬಸ್ಸು ಹೋದ ಹಾಗೆ. ಕೊನೆಗೆ ಫೇಲ್ ಮಾಡೋದೂ ಹಂಗೇನೆ. 'ತಾವು ತೋರಿದ ಅಪಾರ ಶ್ರದ್ಧೆ, ತಾಳ್ಮೆ' ಅಂತ ಶುರು ಮಾಡಿ, ಹೊಗಳಿ ಹೊಗಳಿ, ಆಮೇಲೆ ಮನೆಗೆ ಹೋಗು ಅನ್ನುತ್ತೆ."

"ಅದು ಗೌರವ ಅತ್ತೆ."

"ಗೌರವ ಹುಯ್ದರೆ ವ್ಯಾನ್ ಓಡುತ್ತೇನೇ?"

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಮನಸ್ಸಿನಲ್ಲೇ ಅಂದುಕೊಂಡು ಕೈ ತೊಳೆದೆ. ಬಾಯಲ್ಲಿ ಅನ್ನಲಿಲ್ಲ; ಸೌಟು ಇನ್ನೂ ಅವರ ಕೈಯಲ್ಲೇ ಇತ್ತು.

ಮರುದಿನ ಆಫೀಸಿಗೆ ಹೋದರೆ ನಮ್ಮ ಯಜಮಾನರು ಬಾಗಿಲಲ್ಲೇ ನಿಂತಿದ್ದರು. ನಮ್ಮ ಆಫೀಸು ಟೈರು ಅಂಗಡಿಯ ಮಹಡಿಯ ಮೇಲಿದೆ; ಮೆಟ್ಟಿಲು ಹತ್ತುವಷ್ಟರಲ್ಲಿ ಮೈಗೆಲ್ಲ ರಬ್ಬರಿನ ವಾಸನೆ ಮೆತ್ತಿಕೊಳ್ಳುತ್ತದೆ. ಯಜಮಾನರಿಗೆ ನಾನಿಟ್ಟ ಹೆಸರು ಆತುರಪ್ಪ. ಕೆಲಸ ಕೊಡುವುದಕ್ಕೆ ಮೊದಲೇ ಮುಗಿಯಿತೇ ಎಂದು ಕೇಳುವ ಮನುಷ್ಯ.

"ಮೇಡಂ, ಪರೀಕ್ಷೆಯಲ್ಲಿ ಕನ್ನಡ ಒತ್ತಿದೋರಲ್ಲಿ ಪಾಸಾಗೋರೇ ಕಮ್ಮಿ. ಈಗ ಜನ ಏನು ಮಾಡ್ತಿದಾರೆ ಗೊತ್ತಾ? ಮತ್ತೆ ಪರಭಾಷೆನೇ ಒತ್ತುತ್ತಿದಾರೆ. ಅರ್ಧಂಬರ್ಧ ಅರ್ಥ ಆದ್ರೂ ಪರವಾಗಿಲ್ಲ, ಗಿಡ್ಡಕ್ಕಿದೆಯಲ್ಲ ಅಂತ."

ನನ್ನ ಎದೆಯ ಮೇಲೆ ಲಾರಿ ಹಾಯಿತು. ಹತ್ತು ಚಕ್ರದ್ದು. ಲೋಡು ತುಂಬಿದ್ದು.

"ಹಾಗಾದ್ರೆ ಗಡಿಯಾರ ಉದ್ದ ಮಾಡಿಸಿ ಸಾರ್. ಆ ಮೂವತ್ತು ಸೆಕೆಂಡು ಪರಭಾಷೆಯ ಮೈಗೆ ಅಳೆದು ಹೊಲಿದಿದ್ದು. ನಮ್ಮ ಮಾತಿನ ಮೈಕಟ್ಟೇ ಬೇರೆ."

"ಗಡಿಯಾರ ಇಲಾಖೆಯದು. ಅದನ್ನ ಮುಟ್ಟಬೇಕಂದ್ರೆ ಈಗ ಅರ್ಜಿ ಕೊಟ್ಟು, ಮೊಮ್ಮಕ್ಕಳ ಕೈಲಿ ಉತ್ತರ ತರಿಸ್ಕೋಬೇಕು. ಮಾತು ಮಾತ್ರ ನಮ್ಮದು. ಶುಕ್ರವಾರದೊಳಗೆ ಕತ್ತರಿಸಿ. ಕತ್ತರಿಸಿದ್ರಾ?"

ಕತ್ತರಿಸುವುದೇ? ನಾನೇ? ನನ್ನ ವಾಕ್ಯಗಳು ಉದ್ದವಲ್ಲ, ಓದುವವರ ಉಸಿರು ಗಿಡ್ಡ ಎಂದು ಸಾಧಿಸಿಯೇ ತೀರುತ್ತೇನೆಂದು ಹಟ ಹತ್ತಿತು. ಹೊಸಬರಿಗೆ ಪ್ರಶ್ನೆ ತೋರಿಸುವಂತಿಲ್ಲ. ಪರವಾನಗಿ ಇರುವವರಿಂದ ಓದಿಸಿ ನೋಡಬಹುದು ಎಂಬುದು ನಮ್ಮ ಆಫೀಸಿನ ನಿಯಮ. ಪರವಾನಗಿಯೇ ಮೈವೆತ್ತು ಬಂದಂತಿರುವ ಮಾವ ಮನೆಯಲ್ಲೇ ಇದ್ದಾರಲ್ಲ! ಆಯಸ್ಸೆಲ್ಲ ಗಾಡಿ ಓಡಿಸಿದವರು. ಅವರು ಕಣ್ಣು ಮುಚ್ಚಿಕೊಂಡು ಪಾಸಾಗುತ್ತಾರೆ, ನನ್ನ ಕನ್ನಡದ ಮಾನ ಉಳಿಯುತ್ತದೆ.

ಮಾವ ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ ಇಟ್ಟು ಮಹಡಿ ಹತ್ತಿದರು. ಹಿಂದೆಯೇ ಬಂದ ಅತ್ತೆಯನ್ನು ನಾನು ಕೆಳಗೆ ಟೈರು ಅಂಗಡಿಯಲ್ಲೇ ತಡೆದೆ.

"ಸೊಸೆ ಅಂದ ಮೇಲೆ ಒಂದೇ ಒಂದು ಪ್ರಶ್ನೆ ಕಿವಿಯಲ್ಲಿ ಹೇಳ್ಬಾರ್ದೇನೇ?"

"ಹೇಳಿದ್ರೆ ನನ್ನ ಕೆಲಸಾನೂ ಹೋಗುತ್ತೆ, ನಿಮ್ಮ ವ್ಯಾನೂ ಹೋಗುತ್ತೆ."

"ಅಬ್ಬಾ, ಹರಿಶ್ಚಂದ್ರನ ತಂಗಿ!" ಎಂದು ಅತ್ತೆ ಟೈರುಗಳ ರಾಶಿಯ ಮೇಲೆ ಮಹಾರಾಣಿಯಂತೆ ಕೂತರು.

ಮೇಲೆ ಮಾವ ಕನ್ನಡಕ ಏರಿಸಿ, ಪರದೆಗೆ ಬೆರಳು ಹಚ್ಚಿ, ಅವರ ಕಾಲದವರೆಲ್ಲ ಓದುವ ಹಾಗೆ ಬಾಯಿಬಿಟ್ಟು ಓದತೊಡಗಿದರು. "ಮುಂದಿರುವ... ಸಂಚಾರ... ನಿಯಂತ್ರಣ..." ಬೆರಳು ಹಳದಿ ವರ್ಣಕ್ಕೆ ಬಂತು. 'ಪ್ರಜ್ವಲಿಸುತ್ತಿರುವುದನ್ನು' ಎಂಬಲ್ಲಿ ನಿಂತಿತು. ಮಾವ ಗಾಬರಿಯಿಂದ ನನ್ನನ್ನು ನೋಡಿದರು. "ಬೆಂಕಿ ಬಿದ್ದಿದೆಯೇನಮ್ಮಾ?"

ಟಿಣ್! ಪ್ರಶ್ನೆ ಮಾಯ.

"ಏಯ್! ಎಲ್ಲಿ ಹೋಯ್ತು? ನಾನಿನ್ನೂ ಓದ್ತಿದೀನಿ!"

ಎರಡನೆಯದೂ ಹೋಯಿತು. ಮೂರನೆಯದನ್ನು ಹಿಡಿಯಲು ಮಾವ ಎರಡು ಕೈಯನ್ನೂ ಪರದೆಗೆ ಒತ್ತಿದರು, ಅದೂ ಬೆರಳ ಸಂದಿಯಲ್ಲಿ ಜಾರಿತು. ಆತುರಪ್ಪ ಇಣುಕಿ, "ಫೇಲ್!" ಎಂದು ಘೋಷಿಸಿದರು.

ಮಾವ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಇದನ್ನೇನಮ್ಮಾ ಅವಳು ಎರಡು ಸಲ ಓದಿದ್ದು?"

"ಹೂಂ ಮಾವ."

"ಹಳದಿ ದೀಪ ಕಂಡರೆ ಏನು ಮಾಡಬೇಕು ಅಂತ ಕೇಳಿದ್ರೆ ನಾನು ನಿದ್ದೆಯಲ್ಲೂ ಹೇಳ್ತಿದ್ದೆ."

ನೋಡಿ, ಪ್ರತಿಭೆ ಎಂದರೆ ಇದೇ. ಇನ್ನೊಬ್ಬರಾಗಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದರು. ನಾನು ಮಾವನ ಬಾಯಿಂದ ಬಿದ್ದ ಮಾತನ್ನು ನೆಲ ಮುಟ್ಟುವ ಮೊದಲೇ ಹಿಡಿದು ಪರದೆಗೆ ಏರಿಸಿದೆ. 'ಹಳದಿ ದೀಪ ಕಂಡರೆ ಏನು ಮಾಡಬೇಕು?' ದೀಪಸ್ತಂಭ ಉರುಳಿತು. ವಿವೇಕಶಾಲಿ ಚಾಲಕರು ಗಾಡಿಯಿಂದ ಹಾರಿಕೊಂಡರು. 'ಕೈಗೊಳ್ಳತಕ್ಕದ್ದು' ಕೈಬಿಟ್ಟು ಹೋಯಿತು. ಆ ದಿನ ನಾನು ಕತ್ತರಿಸಿ ಹಾಕಿದ ವಿಶೇಷಣಗಳನ್ನು ರಾಶಿ ಹಾಕಿದ್ದರೆ ಮಾವ ಅದರಲ್ಲಿ ಊರಿಗೆಲ್ಲ ಹಾಸಿಗೆ ತುಂಬಬಹುದಿತ್ತು. ಒಂದೊಂದು ಪ್ರಶ್ನೆ ಸಿದ್ಧವಾದ ಹಾಗೆಲ್ಲ ಮಾವ ಅದನ್ನು ಓದಿ, ಗಡಿಯಾರದೊಂದಿಗೆ ಕುಸ್ತಿಗೆ ಬಿದ್ದರು.

"ನಿಧಾನ ಮಾಡ್ಬೇಕು! ಒತ್ತಿದೆ! ಮುಂದಿಂದು ಬರ್ಲಿ!"

"ಎಡಕ್ಕೆ! ಎಡಕ್ಕೇ! ಮುಂದಿಂದು!"

ಕುರ್ಚಿ ಕಿರುಗುಟ್ಟಿತು. ಆತುರಪ್ಪ ಮೇಜು ಗುದ್ದಿದರು. ಕೆಳಗೆ ಟೈರು ಬಿಚ್ಚುತ್ತಿದ್ದವರು ಕೆಲಸ ನಿಲ್ಲಿಸಿದರು. "ಏನ್ರೀ ಅದು ಗಲಾಟೆ? ಯಾರು ಗೆದ್ದದ್ದು?" ಎಂದು ಅತ್ತೆ ರಾಶಿಯ ಮೇಲಿಂದ ಕೂಗಿದರು. ಕೊನೆಯ ಪ್ರಶ್ನೆ ಮುಗಿದಾಗ ಮಾವ ಮಂಡಿನೋವು ಮರೆತು ಎದ್ದು ನಿಂತು, "ನಾನು ಕಣೇ!" ಎಂದು ಅಬ್ಬರಿಸಿದರು. ಆಮೇಲೆ ಮಂಡಿ ನೆನಪಾಗಿ ಕೂತರು.

ಎಲ್ಲವನ್ನೂ ಕತ್ತರಿಸಿದೆ. ಒಂದನ್ನು ಮಾತ್ರ ಮುಟ್ಟಲಿಲ್ಲ. ಪರೀಕ್ಷೆ ಮುಗಿದ ಮೇಲೆ ಬರುವ ಫಲಿತಾಂಶದ ಮಾತು. ಅದಕ್ಕೆ ಗಡಿಯಾರದ ಕಾಟವಿಲ್ಲ. ಮೇಲಾಗಿ ನಾನು ಬರೆದದ್ದರಲ್ಲೆಲ್ಲ ಅತಿ ಸುಂದರವಾದದ್ದು ಅದೇ. ಹೆತ್ತ ಕರುಳು, ಎಷ್ಟೆಂದು ಕತ್ತರಿಸೀತು?

ಶುಕ್ರವಾರ ಬಂತು. ಪರೀಕ್ಷೆಯ ಕೋಣೆಗೆ ಗಾಜಿನ ಗೋಡೆ. ಒಳಗೆ ಸಾಲುಸಾಲು ಕಂಪ್ಯೂಟರು, ಬಾಯಲ್ಲೇ ಅಂದುಕೊಂಡು ಓದುವವರ ಗುಂಯ್‌ಗುಡುವಿಕೆ ಜೇನುಗೂಡಿನ ಹಾಗೆ ಹೊರಗೂ ಕೇಳುತ್ತಿತ್ತು. ನಾನೂ ಮಾವನೂ ಗಾಜಿಗೆ ಮೂಗು ಒತ್ತಿ ನಿಂತೆವು. ಮಾವನ ಮುಷ್ಟಿಯಲ್ಲಿ ವ್ಯಾನಿನ ಕೀಲಿ ಬೆವರುತ್ತಿತ್ತು.

ಅತ್ತೆ ಸೆರಗು ಸಿಕ್ಕಿಸಿ ಕೂತರು. ಬೆರಳಿಟ್ಟು ಓದಿದರು, ತುಟಿ ಅಲುಗಿತು, ಒತ್ತಿದರು. ಮೂಲೆಯ ಗಡಿಯಾರ ಇನ್ನೂ ಆಗಷ್ಟೇ ಹೊರಟಿತ್ತು! ಮತ್ತೊಂದು. ಮಗದೊಂದು. ನಡುವೆ ಒಮ್ಮೆ ನಮ್ಮ ಕಡೆ ತಿರುಗಿ, ಬೇಕೆಂದೇ ದೊಡ್ಡದಾಗಿ ಆಕಳಿಸಿದರು.

"ಜಂಬ ನೋಡು ಅವಳದು," ಎಂದರು ಮಾವ. ಅವರ ಮೀಸೆಯೆಲ್ಲ ನಗುತ್ತಿತ್ತು.

ಆದರೆ ಕೊನೆಗೆ ಅತ್ತೆ ದಡಕ್ಕನೆ ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ಬಂದರು.

"ಹೋಯ್ತು," ಎಂದರು.

"ಏನು ಹೋಯ್ತು? ಎಲ್ಲಾನೂ ಒತ್ತಿದ್ರಲ್ಲ ಅತ್ತೆ!"

"ಒತ್ತಿದೆ ಕಣೇ. ಕೊನೆಗೆ ಮತ್ತೆ ಅದೇ ಬಂತು. 'ತಾವು ತೋರಿದ ಅಪಾರ ಶ್ರದ್ಧೆ, ತಾಳ್ಮೆ.' ಎರಡು ಸಲವೂ ಹಿಂಗೇ ಹೊಗಳಿ ಕಳಿಸಿತ್ತು. ಪೂರ್ತಿ ಯಾಕೆ ಓದ್ಲಿ? ಎದ್ದು ಬಂದೆ."

ಪಾಸಾದವರಿಗೂ ಫೇಲಾದವರಿಗೂ ಗೌರವ ಒಂದೇ ಇರಲೆಂದು ಎರಡನ್ನೂ ಒಂದೇ ಹೊಗಳಿಕೆಯಿಂದ ಶುರು ಮಾಡಿದ್ದವಳು ನಾನೇ. ಅತ್ತೆ ಕಂಡದ್ದು ಯಾವುದೆಂದು ಬರೆದ ನನಗೂ ಗೊತ್ತಾಗಲಿಲ್ಲ!

ಮಾವ ಫೋನು ತೆಗೆದರು.

"ಐಸ್‌ನವನಿಗಾ?" ಎಂದರು ಅತ್ತೆ. ದನಿ ಸಣ್ಣದಾಗಿತ್ತು. "ಮಾಡಿ. ಮಾತು ಅಂದ್ರೆ ಮಾತು."

"ಹಲೋ, ನೋಡಪ್ಪಾ, ನಾಳೆ ಬರಬೇಡ. ವ್ಯಾನು ಕೊಡಲ್ಲ... ಯಾಕಾ? ಓಡಿಸೋರು ಇನ್ನೊಂದು ಸಲ ಪರೀಕ್ಷೆಗೆ ಕೂರ್ತಾರೆ. ಪಾಸಾಗೋವರೆಗೂ ಕೂರ್ತಾರೆ... ಅಯ್ಯೋ, ಸುಲಭ ಅಂದ್ಕೊಂಡ್ಯಾ? ನಾನೇ ಫೇಲಾದೆ ಕಣಯ್ಯಾ!"

ಅತ್ತೆ ಬಾಯಿ ತೆರೆದು ನಿಂತರು. ಮಾವ ಫೇಲಾದದ್ದನ್ನು ನಾನೂ ಹೇಳಿರಲಿಲ್ಲ, ಮಾವನೂ ಹೇಳಿರಲಿಲ್ಲ. ಅವರು ಏನೋ ಕೇಳುವಷ್ಟರಲ್ಲಿ ಕಿಟಕಿಯಿಂದ ಗುಮಾಸ್ತೆ ಅರ್ಧ ದೇಹ ಹೊರಗೆ ಚಾಚಿ ಕೂಗಿದಳು.

"ಹಾಸಿಗೆ ಅಂಗಡಿ ಅಮ್ಮಾ! ಚೀಟಿ ತಗೊಳ್ದೇ ಹೋಗ್ತಿದೀರಲ್ಲ! ಪಾಸಾದೋರು ಹಿಂಗೆ ಮುಖ ಊದಿಸ್ಕೊಂಡು ಹೋಗಿದ್ದು ಇವತ್ತೇ ನೋಡಿದ್ದು!"

ಅತ್ತೆ ಕಿರುಚಿದ ಕಿರುಚಿಗೆ ಕಚೇರಿಯ ಫ್ಯಾನು ಒಂದು ಸುತ್ತು ಹಿಂದಕ್ಕೆ ತಿರುಗಿತು. ಸುಳ್ಳಾದರೆ ಆ ಫ್ಯಾನನ್ನೇ ಕೇಳಿ. ಮಾವ ಕೀಲಿ ಕೊಡಲು ಕೈ ಚಾಚುವ ಮೊದಲೇ ಅದು ಅತ್ತೆಯ ಸೊಂಟಕ್ಕೆ ಸೇರಿತ್ತು. ನಾನು ಅಲ್ಲೇ ನಿಂತು ಆತುರಪ್ಪನಿಗೆ ಫೋನು ಮಾಡಿದೆ.

"ಸಾರ್, ಫಲಿತಾಂಶದ ಮಾತು ಬದಲಿಸ್ಬೇಕು. ಬರ್ಕೊಳ್ಳಿ. 'ಪಾಸಾದಿರಿ.'"

"ಆಮೇಲೆ?"

"ಅಷ್ಟೇ."

"ಮೇಡಂ, ಹುಷಾರಾಗಿದೀರಾ?"

ಹೇಳುತ್ತೇನೆ ಕೇಳಿ, ಜಗತ್ತಿನ ಯಾವ ಭಾಷೆಯ ಯಾವ ಪರದೆಯ ಮೇಲೂ ಇಷ್ಟು ಸೊಗಸಾದ ಇನ್ನೊಂದು ಮಾತಿಲ್ಲ. ಬರೆದವಳು ನಾನು.

ಕಲಿಯುವವರ ಪಕ್ಕದಲ್ಲಿ ಪರವಾನಗಿ ಇರುವವರು ಕೂತಿರಬೇಕು. ಹಾಗಾಗಿ ಮರುದಿನ, ಐಸ್‌ನವನು ಬರಬೇಕಾಗಿದ್ದ ಹೊತ್ತಿಗೆ, ಅತ್ತೆ ಸ್ಟಿಯರಿಂಗ್ ಹಿಡಿದರು, ಪಕ್ಕದಲ್ಲಿ ಮಾವ, ಹಿಂದೆ ಹಾಸಿಗೆಗಳ ಮೇಲೆ ನಾನು. ವ್ಯಾನು ಕೆಮ್ಮಿ ಎದ್ದಿತು. ಇಷ್ಟು ದಿನ ಅಲುಗದೆ ನಿಂತಿದ್ದ ವ್ಯಾನು ಅಲುಗಿದ್ದು ನೋಡಿ ಬೀದಿನಾಯಿಗಳು ಬೊಗಳುವುದನ್ನೇ ಮರೆತವು. ಮಾವ ಗಂಟಲು ಸರಿಮಾಡಿಕೊಂಡರು.

"ನೋಡು, ನಾನು ಮೊದಲ ಸಲ ಗಾಡಿ ಹತ್ತಿದಾಗ ನಮ್ಮ ಗುರುಗಳು ಏನಂದಿದ್ರು ಅಂದ್ರೆ, ಈ ಕ್ಲಚ್ಚು ಅನ್ನೋದಿದೆಯಲ್ಲ, ಅದರ ಸ್ವಭಾವ ಹೇಗಪ್ಪಾ ಅಂದ್ರೆ..."

"ರೀ," ಎಂದರು ಅತ್ತೆ, ರಸ್ತೆಯಿಂದ ಕಣ್ಣು ಕೀಳದೆ. "ಚಿಕ್ಕದಾಗಿ ಹೇಳಿ. ತಿರುವು ಬಂತು."