ತಿರ್ಚಾಳ ನಗು

ಅಂತಿಯೋಕ್ಯದ ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇತ್ತು. ವಾರದ ಮೊದಲ ದಿನ ಸಂಜೆ ಹಿರಿಯ ಕ್ಲೆಯೋನನ ಮನೆಯ ಅಂಗಳದಲ್ಲಿ ಎಲ್ಲರೂ ಸೇರುತ್ತಿದ್ದೆವು. ಊಟಕ್ಕೆ ಮೊದಲು ಯಾರಾದರೊಬ್ಬರು ಎದ್ದು ಗುರುವಿನ ಒಂದು ಕಥೆ ಹೇಳಬೇಕು. ಮುಗಿದ ಮೇಲೆ ಕೂತವರೆಲ್ಲ ಒಟ್ಟಿಗೆ, "ಯಾರ ಬಾಯಿಂದ?" ಎಂದು ಕೇಳಬೇಕು. ಆ ಕಥೆಯನ್ನು ತನಗೆ ಹೇಳಿದವರ ಹೆಸರನ್ನು ಅವನು ಹೇಳಬೇಕು. ಹೆಸರು ಬಂದ ಮೇಲೆಯೇ ಕ್ಲೆಯೋನ ರೊಟ್ಟಿ ಮುರಿಯುವುದು. ಒಮ್ಮೆ ಕಪದೋಕ್ಯದಿಂದ ಬಂದ ಜಂಬದ ಬಟ್ಟೆ ವ್ಯಾಪಾರಿಯೊಬ್ಬ ಗುರು ಹಕ್ಕಿಯ ಹಾಗೆ ಹಾರಿದ ಕಥೆ ಹೇಳಿದ. ಯಾರ ಬಾಯಿಂದ ಎಂದು ಕೇಳಿದರೆ ತಲೆ ಕೆರೆದುಕೊಂಡು ನಿಂತ. ಅವನನ್ನು ಕೂರಿಸಿ ಬೇರೆಯವರಿಂದ ಕಥೆ ಹೇಳಿಸುವಷ್ಟರಲ್ಲಿ ಬೇಳೆ ಸಾರು ಆರಿಹೋಗಿತ್ತು.

ಸುವಾರ್ತೆ ಎಂದರೆ ನಮಗೆ ಅದೇ. ಬಾಯಿಂದ ಬರುವುದು, ಕಿವಿಗೆ ಬೀಳುವುದು. ಚಕ್ರವರ್ತಿ ಯುದ್ಧ ಗೆದ್ದನೆಂದು ಚೌಕದಲ್ಲಿ ನಿಂತು ಕೂಗಿ ಸಾರುವುದಕ್ಕೂ ಈ ಊರಿನಲ್ಲಿ ಅದೇ ಮಾತು. ಸುವಾರ್ತೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಓಡಾಡಬಹುದೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ನಾನು ಬಾಬತಾ. ಗಲಿಲಾಯದ ಸರೋವರದ ದಂಡೆಯ ತಾರಿಖೇಯ ನನ್ನ ಹುಟ್ಟೂರು. ಮೀನಿಗೆ ಉಪ್ಪು ಹಾಕುವುದೇ ಅಲ್ಲಿನವರ ಬದುಕು. ಗುರು ನಮ್ಮ ಅಂಗಳಕ್ಕೆ ಬಂದಾಗ ನಾನು ಮೊಲೆಗೂಸು. ನನ್ನ ತಾಯಿ ತಿರ್ಚಾ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಮೀನು ಸೀಳುತ್ತಿದ್ದಳಂತೆ. ಗುರು, ಅವನ ಹಿಂದೆ ಹಸಿದ ಒಂದು ದಂಡು. ಇದ್ದದ್ದನ್ನು ಬಡಿಸಿದಳು. ತಿಂದು ಮುಗಿಸಿದ ಮೇಲೆ ಗುರು ದೇವರ ರಾಜ್ಯದ ವರ್ಣನೆ ಶುರು ಮಾಡಿದ. ಅದೊಂದು ದೊಡ್ಡ ಔತಣ, ಕುಂಟರು, ಕುರುಡರು, ಬೀದಿಯಲ್ಲಿ ಹೋಗುವವರು, ಎಲ್ಲರಿಗೂ ಕರೆ. ನನ್ನವ್ವ ಕೈಯಲ್ಲಿದ್ದ ಚೂರಿ ಕೆಳಗಿಟ್ಟು ಕೇಳಿದಳು, "ಕರೆಯೋದೇನೋ ಸುಲಭ ಸ್ವಾಮಿ. ಎಂಜಲು ತೆಗೆಯೋರು ಯಾರು?"

ಅವನ ಜೊತೆಯ ಗಂಡಸರು ಮುಖ ಸಿಂಡರಿಸಿದರು. ಗುರು ನಕ್ಕುಬಿಟ್ಟ. ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಆಮೇಲೆ ಅಂಗಿಯ ತೋಳು ಮಡಿಸಿ, ಬಟ್ಟಲುಗಳನ್ನೆಲ್ಲ ಬಾಚಿಕೊಂಡು, ಸರೋವರಕ್ಕೆ ಇಳಿದು ತೊಳೆದ. ನನ್ನವ್ವನೂ ಮೊಣಕಾಲ ತನಕ ನೀರಲ್ಲಿ ನಿಂತು ನಕ್ಕಳು. ಬೆನ್ನ ಮೇಲಿದ್ದ ನಾನು ಆ ನಗುವಿಗೆ ಕುಲುಕಿ ಎಚ್ಚರವಾಗಿ ಅತ್ತೆನಂತೆ.

ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ "ಯಾರ ಬಾಯಿಂದ?" ಎಂದು ಸಭೆ ಕೇಳುತ್ತಿತ್ತು. "ನನ್ನ ತಾಯಿ, ಮೀನಿಗೆ ಉಪ್ಪು ಹಾಕುತ್ತಿದ್ದ ತಿರ್ಚಾಳ ಬಾಯಿಂದ" ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ. ರೋಮಿನ ಸೈನ್ಯ ತಾರಿಖೇಯವನ್ನು ಹಾಳು ಮಾಡಿದಾಗ ಅವ್ವ ಅಲ್ಲೇ ಸತ್ತಳು. ಗೋರಿ ಕೂಡ ಇಲ್ಲ. ವಾರಕ್ಕೊಮ್ಮೆ ಅವಳು ಬದುಕುತ್ತಿದ್ದದ್ದು ನನ್ನ ಗಂಟಲಿನಲ್ಲಿ ಮಾತ್ರ.

ಆ ಗಂಟಲೇ ಈಗ ಕೆಟ್ಟಿತು. ಚಳಿಗಾಲ ಬಂದರೆ ಮಾತು ಹೊರಡುವುದೇ ಇಲ್ಲ. ನನಗೆ ಮಕ್ಕಳಿಲ್ಲ. ಇರುವವನು ತಂಗಿಯ ಮಗ ತ್ರುಫೋನ. ಊರು ಉರಿಯುವಾಗ ಅವನ ಕೈ ಹಿಡಿದುಕೊಂಡು ಇಲ್ಲಿಗೆ ಓಡಿಬಂದವಳು ನಾನು. ಕ್ಲೆಯೋನ ಅವನಿಗೆ ಗ್ರೀಕ್ ಅಕ್ಷರ ಕಲಿಸಿ ಬರಹಗಾರನನ್ನಾಗಿ ಮಾಡಿದ.

"ದೊಡ್ಡಮ್ಮ, ಗುರುವನ್ನ ಕಣ್ಣಾರೆ ಕಂಡೋರು ಒಬ್ಬೊಬ್ಬರೇ ಹೋಗ್ತಿದ್ದಾರೆ," ಎಂದ ಒಂದು ದಿನ. "ಎಲ್ಲಾ ಕಥೆ ಸೇರಿಸಿ ಬರೀತಿದೀನಿ. ಅಜ್ಜಿ ಕಥೆ ನೀನೇ ಹೇಳು."

"ಬರೆದ್ರೆ, ಯಾರ ಬಾಯಿಂದ ಅಂತ ಕೇಳ್ದಾಗ ಹಾಳೆ ಉತ್ತರ ಕೊಡುತ್ತೇನೋ?"

"ಹೆಸರನ್ನೂ ಬರೀತೀನಲ್ಲ!"

ನಂಬಿದೆ. ಅವನು ಮೇಣದ ಹಲಗೆ ತೊಡೆಯ ಮೇಲಿಟ್ಟುಕೊಂಡು ಗೀಚುತ್ತಿದ್ದ, ನಾನು ಕರ್ಕಶ ಗಂಟಲಲ್ಲಿ ಹೇಳುತ್ತಿದ್ದೆ. ಮುಗಿದ ಮೇಲೆ ನನ್ನ ಬೆರಳು ಹಿಡಿದು ಮೇಣದ ಮೇಲೆ ಇಟ್ಟ. "ಇದೇ ನೋಡು, ತಿರ್ಚಾ." ಓದಲು ಬಾರದ ನಾನು ಆ ಗೀರುಗಳನ್ನು ಸವರಿ ಸವರಿ ನೋಡಿದೆ. ಇನ್ನು ನಾನು ಸತ್ತರೂ ಚಿಂತೆಯಿಲ್ಲ ಎಂದುಕೊಂಡೆ. ಮೇಣದ ಮೇಲೆ ಬರೆದದ್ದನ್ನು ಪಪೈರಸ್ ಹಾಳೆಗೆ ಇಳಿಸಿದ ಮೇಲೆ ಹಲಗೆಯನ್ನು ಕಾಯಿಸಿ ನುಣ್ಣಗೆ ಮಾಡಿಬಿಡುತ್ತಾರೆ ಎಂಬುದು ನನಗೂ ಗೊತ್ತಿತ್ತು. ಇಳಿಸುವಾಗ ಏನೇನು ಉದುರಿಹೋಗುತ್ತದೆ ಎಂಬುದು ಗೊತ್ತಿರಲಿಲ್ಲ.

ಬೇಸಿಗೆ ಹೊತ್ತಿಗೆ ಪುಸ್ತಕ ಮುಗಿಯಿತು. ಸಭೆಯಲ್ಲಿ ತ್ರುಫೋನ ಎದ್ದು ನಿಂತು ಓದಿದ. ಅವನ ದನಿ ಚೆನ್ನಾಗಿತ್ತು, ಹೆಮ್ಮೆಯಿಂದ ನನ್ನ ಕಣ್ಣು ಮಂಜಾಯಿತು. ಗುರು ಒಬ್ಬ ಗೌರವಸ್ಥನ ಮನೆಗೆ ಊಟಕ್ಕೆ ಹೋದನಂತೆ. ಅಲ್ಲಿಗೆ ಆ ಊರಿನ ಪಾಪಿ ಹೆಂಗಸೊಬ್ಬಳು ನುಗ್ಗಿ ಬಂದಳಂತೆ. ಬಾಯಿ ಬಿಡದೆ ನೆಲಕ್ಕೆ ಬಿದ್ದು ಅತ್ತಳಂತೆ. ತನ್ನ ಕಣ್ಣೀರಿನಿಂದಲೇ ಎಂಜಲು ಬಟ್ಟಲುಗಳನ್ನು ತೊಳೆದಳಂತೆ. ಗುರು ಅವಳನ್ನು ಕ್ಷಮಿಸಿದನಂತೆ.

ಬಟ್ಟಲುಗಳ ಮಾತು ಬಂದಾಗಲೇ ನನಗೆ ಅದು ಅವ್ವನ ಕಥೆ ಎಂದು ತಿಳಿದದ್ದು.

ಓದು ಮುಗಿಯಿತು. ರೂಢಿಯಂತೆ ಸಭೆ, "ಯಾರ ಬಾಯಿಂದ?" ಎಂದಿತು. ತ್ರುಫೋನ ಸುರುಳಿ ಸುತ್ತುತ್ತಾ ನೆಲ ನೋಡಿದ.

ಕ್ಲೆಯೋನ ಕೈಯೆತ್ತಿದ. "ಇನ್ಮೇಲೆ ಹಾಗೆ ಕೇಳೋದು ಬೇಡ. ಬರೆದಾಗಿದೆಯಲ್ಲ, ಸಾಕು," ಎಂದು ರೊಟ್ಟಿ ಮುರಿದ. ನಾನು ತಿನ್ನಲಿಲ್ಲ.

ಎಲ್ಲರೂ ಹೋದ ಮೇಲೆ ಬಾವಿಕಟ್ಟೆಯ ಹತ್ತಿರ ತ್ರುಫೋನನನ್ನು ಹಿಡಿದುಕೊಂಡೆ. "ಏನೋ ಇದು? ಆ ಪಾಪಿ ಹೆಂಗಸು ಯಾರೋ?"

"ಮೆಲ್ಲಗೆ, ದೊಡ್ಡಮ್ಮ. ಇದನ್ನ ರೋಮಿನಲ್ಲೂ ಓದ್ತಾರೆ. ಮೀನಿನವಳೊಬ್ಬಳು ಗುರುವಿಗೇ ಎದುರು ಮಾತಾಡಿದ್ಲು, ಗುರು ಹೋಗಿ ಪಾತ್ರೆ ತೊಳೆದ ಅಂದ್ರೆ ಅಲ್ಲಿಯೋರು ನಗ್ತಾರೆ."

"ನಗಲಿ ಬಿಡೋ! ಅವತ್ತು ಗುರುವೂ ನಕ್ಕಿದ್ದ!"

"ಅವಳು ಅತ್ರೆ ಜನರ ಕರುಳು ಕರಗುತ್ತೆ."

"ಅವ್ವ ಅತ್ತಿದ್ದನ್ನ ಅವಳ ಮಗಳು ನಾನೇ ನೋಡಿಲ್ಲ. ನೀನೆಲ್ಲಿ ನೋಡ್ದೆ? ಹೋಗಲಿ, ಪಾಪಿ ಅಂತ ಯಾಕೋ ಬರ್ದೆ?"

"ಅಳೋದಕ್ಕೆ ಒಂದು ಕಾರಣ ಬೇಕಲ್ಲ, ದೊಡ್ಡಮ್ಮ."

ಎಷ್ಟು ಸಲೀಸಾಗಿ ಹೇಳಿದ! "ನಿನ್ನ ಹೆತ್ತವಳನ್ನ ಹೆತ್ತವಳು ಕಣೋ ಅವಳು! ಮೀನಿನವಳ ಮೊಮ್ಮಗ ಅನ್ನಿಸ್ಕೊಳ್ಳೋಕೆ ನಾಚಿಕೆಯೇನೋ ನಿಂಗೆ?" ಎಂದೆ. ಅವನು ಶಾಯಿ ಹತ್ತಿದ ಬೆರಳುಗಳನ್ನು ಉಜ್ಜಿಕೊಂಡ.

"ಅಳಿಸು. ಈಗಲೇ ಅಳಿಸು."

"ಒಂದು ಪ್ರತಿ ಬೆಳಿಗ್ಗೆನೇ ಸೆಲೂಕಿಯಾ ಬಂದರಿಗೆ ಹೋಯ್ತು. ಹಡಗು ಬಿಟ್ಟಿರುತ್ತೆ."

ಹಡಗಿನ ಹಿಂದೆ ಓಡುವುದಕ್ಕಾಗುತ್ತದೆಯೇ? ನನ್ನ ಬಾಯಿ ನನ್ನಲ್ಲೇ ಇದೆ, ನಾನೇ ಸರಿಮಾಡುತ್ತೇನೆ ಎಂದು ಹಟ ಹಿಡಿದೆ. ಜೇನು ನೆಕ್ಕಿದೆ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದೆ, ಗಂಟಲು ಉಳಿಯಲೆಂದು ಮಾತು ಬಿಟ್ಟೆ. ಬೇಸಿಗೆ ಕಳೆದು ದ್ರಾಕ್ಷಿ ಕೊಯ್ಯುವ ಕಾಲಕ್ಕೆ ಸಭೆಗೆ ಕೇಳಿಸುವಷ್ಟು ದನಿ ಬಂತು. ಒಂದು ಸಂಜೆ ಯಾರ ಅಪ್ಪಣೆಯನ್ನೂ ಕಾಯದೆ ಎದ್ದು ನಿಂತೆ.

ಮೊದಲಿಂದ ಹೇಳಿದೆ. ಚೂರಿ, ಬೆನ್ನ ಮೇಲಿನ ಕೂಸು, ಎಂಜಲು ತೆಗೆಯೋರು ಯಾರು ಎಂಬ ಪ್ರಶ್ನೆ. ಗುರು ಕಂಬ ಹಿಡಿದು ನಕ್ಕದ್ದು ಹೇಳುವಾಗ ನಾನೂ ನಕ್ಕೆ. ಅವ್ವ ನೀರಿನಲ್ಲಿ ನಿಂತು ನಕ್ಕಳು ಎಂದು ಮುಗಿಸಿ, ಪ್ರಶ್ನೆಗಾಗಿ ಕಾದೆ.

ಹೊಸದಾಗಿ ದೀಕ್ಷಾಸ್ನಾನ ಪಡೆದ ಯುತುಖಿಯಾ ಎಂಬ, ಬಟ್ಟೆಗೆ ಬಣ್ಣ ಹಾಕುವವರ ಮನೆಯ ಹೆಂಗಸು ಎದ್ದು ಬಂದು ನನ್ನ ಕೈ ಹಿಡಿದಳು. ತುಂಬ ಒಳ್ಳೆಯವಳು. "ಅಜ್ಜೀ, ಬೇಜಾರು ಮಾಡ್ಕೋಬೇಡಿ. ಅವಳು ನಗಲಿಲ್ಲ, ಅತ್ತಳು. ಪುಸ್ತಕದಲ್ಲಿ ಹಾಗೇ ಇದೆ. ಅದನ್ನ ಕೇಳೇ ನಾನು ಇಲ್ಲಿಗೆ ಬಂದಿದ್ದು."

"ಪುಸ್ತಕ ತಪ್ಪು, ಮಗಳೇ. ಅವಳು ನನ್ನ ಹೆತ್ತವ್ವ."

ಅಂಗಳದಲ್ಲಿ ಗುಸುಗುಸು ಎದ್ದಿತು. "ಆ ಪಾಪಿಯ ಮಗಳಾ ಇವಳು?" ಎಂದು ಯಾರೋ ಪಿಸುಗುಟ್ಟಿದರು. ಅದನ್ನೂ ಸಹಿಸಿಕೊಂಡೆ. ಈ ಕಥೆಯನ್ನು ನನ್ನಿಂದ ಎಷ್ಟೋ ಸಲ ಕೇಳಿದ್ದ ಹಳಬರು ಕ್ಲೆಯೋನನ ಮುಖ ನೋಡಿದರು. ಆದರೆ ಅದನ್ನು ತನ್ನ ಕೈಯಿಂದಲೇ ಬರೆದುಕೊಂಡವನು ಅಲ್ಲೇ ಇದ್ದ. ಅವನ ಕಡೆಗೆ ತಿರುಗಿದೆ.

"ತ್ರುಫೋನಾ, ಹೇಳೋ. ನಿನ್ನ ಅಜ್ಜಿ ನಕ್ಕಳೋ, ಅತ್ತಳೋ?"

ಅವನು ಎದ್ದ. ನನ್ನ ಹತ್ತಿರ ಬಂದು, ಅವನು ಮಗುವಾಗಿದ್ದಾಗ ನಾನು ಹಿಡಿದುಕೊಳ್ಳುತ್ತಿದ್ದ ಹಾಗೆಯೇ ನನ್ನ ಭುಜ ಹಿಡಿದುಕೊಂಡ. ಆಮೇಲೆ ಸಭೆಯ ಕಡೆಗೆ ನೋಡಿ ಮೃದುವಾಗಿ ಹೇಳಿದ, "ದೊಡ್ಡಮ್ಮನಿಗೆ ಈಚೆಗೆ ಮರೆವು ಜಾಸ್ತಿ. ಏನೇನೋ ಹೇಳ್ತಾರೆ, ಮನಸ್ಸಿಗೆ ಹಚ್ಕೋಬೇಡಿ."

ಎಲ್ಲರೂ ಕನಿಕರದಿಂದ ತಲೆಯಾಡಿಸಿದರು. ಯುತುಖಿಯಾ ನನ್ನನ್ನು ಕೂರಿಸಿ ಕಾಲಿಗೆ ಕಂಬಳಿ ಹೊದಿಸಿದಳು. ಕ್ಲೆಯೋನ ರೊಟ್ಟಿ ಮುರಿದು ಕೈಯಿಂದ ಕೈಗೆ ಕಳಿಸಿದ, ಎಲ್ಲರೂ ತಿಂದರು. ಯಾರ ಬಾಯಿಂದ ಎಂದು ಒಬ್ಬರೂ ಕೇಳಲಿಲ್ಲ.